ಮನೆಹೊಲಿಗೆ, ಬಟ್ಟೆ ದುರಸ್ತಿ ಮತ್ತು ಕೌದಿ ತಯಾರಿಕೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಮಳೆ ಬಿಡದೆ ಸುರಿಯುತ್ತದೆ. ಈ ಅವಧಿಯಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಅಡಿಕೆ ತೋಟ, ಗದ್ದೆ ಹಾಗೂ ಸೊಪ್ಪಿನ ಬೆಟ್ಟಗಳಲ್ಲಿ ದುಡಿಯುವವರ ಬಟ್ಟೆಗೆ ಮುಳ್ಳು, ತಂತಿಬೇಲಿ, ಹಲಸಿನ ಮೇಣ ಮತ್ತು ಅಡಿಕೆಯ ಚೊಗರು ತಾಗುವುದು ನಿತ್ಯದ ಮಾತು. ಆದುದರಿಂದ ಇಲ್ಲಿ ಬಟ್ಟೆಯ ಬಾಳಿಕೆ ಬಯಲುಸೀಮೆಗಿಂತ ಕಡಿಮೆಯೆಂದೇ ಹೇಳಬೇಕು.

ಇದಕ್ಕೆ ಪ್ರತಿಯಾಗಿ ಈ ಭಾಗದ ಮನೆಗಳಲ್ಲಿ ಬಟ್ಟೆಯನ್ನು ಕೊನೆಯ ಎಳೆಯವರೆಗೂ ಬಳಸುವ ಕ್ರಮ ಬೆಳೆದುಬಂದಿದೆ. ಹೊಸ ಬಟ್ಟೆ ಮೊದಲು ಹೊರಗಿನ ಉಡುಗೆಯಾಗಿ, ಅನಂತರ ಮನೆಯ ಉಡುಗೆಯಾಗಿ, ತೇಪೆ ಹಾಕಿದ ಮೇಲೆ ತೋಟದ ಉಡುಗೆಯಾಗಿ, ಕಡೆಯಲ್ಲಿ ಕೌದಿಯ ತುಂಡಾಗಿ ಉಪಯೋಗಕ್ಕೆ ಬರುತ್ತದೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಹಿಡಿದಿಟ್ಟಿರುವುದು ಮನೆಯ ಮಹಿಳೆಯರ ಸೂಜಿ. ಆದರೆ ಈ ಕೆಲಸವನ್ನು ಮನೆಯ ಲೆಕ್ಕದಲ್ಲಿ ಯಾರೂ ಬರೆದಿಡುವುದಿಲ್ಲ. ಸಿದ್ಧ ಉಡುಪು ಅಗ್ಗವಾಗಿ ದೊರೆಯತೊಡಗಿದ ಮೇಲೆ ದುರಸ್ತಿಯ ರೂಢಿ ಹಿಂದೆ ಸರಿಯುತ್ತಿದ್ದು, ಹಿರಿಯರ ಕೈಯಲ್ಲಿರುವ ಕುಶಲತೆ ಕಿರಿಯರಿಗೆ ದಾಟದೆ ಉಳಿಯುವ ಸಂಭವವಿದೆ.

ಸದರಿ ಪುಟದಲ್ಲಿ ಮನೆಹೊಲಿಗೆಯ ಸಾಮಗ್ರಿಗಳು, ದುರಸ್ತಿಯ ವಿಧಾನಗಳು, ಕೌದಿ ಹೊಲಿಯುವ ಕ್ರಮ, ಅದಕ್ಕೆ ನ್ಯಾಯವಾದ ಬೆಲೆ ಕಟ್ಟುವ ರೀತಿ ಹಾಗೂ ಲಭ್ಯವಿರುವ ತರಬೇತಿಯ ಕುರಿತು ಮಾಹಿತಿ ನೀಡಲಾಗಿದೆ.

2. ಮನೆಯಲ್ಲಿರಬೇಕಾದ ಸಾಮಗ್ರಿಗಳು

ದುರಸ್ತಿ ಕೆಲಸಕ್ಕೆ ಹೊಲಿಗೆ ಯಂತ್ರ ಇರಲೇಬೇಕೆಂದಿಲ್ಲ. ಈ ಕೆಳಕಂಡ ಸಾಮಗ್ರಿಗಳನ್ನು ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಇರಿಸಿಕೊಂಡರೆ ಮನೆಯ ಬಹುಪಾಲು ಕೆಲಸ ಸಾಗುತ್ತದೆ.

(ಅ) ಕೈಸೂಜಿಗಳು: ಕೈಸೂಜಿಯ ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣದಾಗಿರುತ್ತದೆ. ಯಂತ್ರದ ಸೂಜಿಯಲ್ಲಿ ಇದಕ್ಕೆ ವಿರುದ್ಧವಾಗಿ ನಂಬರ್ ಹೆಚ್ಚಿದಷ್ಟೂ ಸೂಜಿ ದಪ್ಪ. ಈ ವ್ಯತ್ಯಾಸವನ್ನು ಅಂಗಡಿಯಲ್ಲಿ ಕೊಳ್ಳುವಾಗ ನೆನಪಿಡತಕ್ಕದ್ದು. ತೆಳು ಬಟ್ಟೆಗೆ ಒಂದು, ಸಾಮಾನ್ಯ ಬಟ್ಟೆಗೆ ಒಂದು, ಕೌದಿಗೆ ಉದ್ದನೆಯ ಗಟ್ಟಿ ಸೂಜಿ ಒಂದು, ಹೀಗೆ ಕನಿಷ್ಠ ಮೂರು ಅಳತೆ ಇರಲಿ.

(ಆ) ದಬ್ಬಣ: ಗೋಣಿಚೀಲ, ಶಾಲಾ ಚೀಲದ ಪಟ್ಟಿ, ಟಾರ್ಪಾಲು ಮುಂತಾದವುಗಳಿಗೆ.

(ಇ) ದಾರ: ಬಿಳಿ, ಕಪ್ಪು, ಕಂದು ಮತ್ತು ನೀಲಿ ಬಣ್ಣದ ಉಂಡೆಗಳು. ಹತ್ತಿಯ ಬಟ್ಟೆಗೆ ಹತ್ತಿಯ ದಾರ ಉತ್ತಮ. ಬಟ್ಟೆಗಿಂತ ದಾರ ಬಲವಾಗಿದ್ದರೆ ಎಳೆತ ಬಿದ್ದಾಗ ದಾರ ಉಳಿದು ಬಟ್ಟೆಯೇ ಹರಿಯುತ್ತದೆ.

(ಈ) ಕತ್ತರಿ ಎರಡು: ಒಂದು ಬಟ್ಟೆಗೆ ಮಾತ್ರ ಮೀಸಲಾಗಿರಲಿ. ಬಟ್ಟೆ ಕತ್ತರಿಯಿಂದ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ. ದಾರ ತುಂಡರಿಸಲು ಸಣ್ಣ ಕತ್ತರಿ ಸಾಕು.

(ಉ) ಅಂಗುಸ್ತಾನ: ಬೆರಳಿಗೆ ತೊಡುವ ಲೋಹದ ಟೊಪ್ಪಿ. ಕೌದಿಯ ನಾಲ್ಕೈದು ಪದರಗಳ ಮೂಲಕ ಸೂಜಿ ದೂಡುವಾಗ ಬೆರಳಿಗೆ ಗಾಯವಾಗದಂತೆ ಕಾಯುತ್ತದೆ.

(ಊ) ಅಳತೆ ಟೇಪು, ಗುರುತು ಹಾಕುವ ಸೀಮೆಸುಣ್ಣ, ಗುಂಡುಸೂಜಿಗಳು, ಒಂದು ಸಣ್ಣ ಅಯಸ್ಕಾಂತ, ಮೇಣದಬತ್ತಿಯ ತುಂಡು.

(ಋ) ದಾರ ಪೋಣಿಸುವ ತಂತಿ: ಹಿರಿಯರಿಗೆ ಹೊಲಿಗೆ ಬಿಟ್ಟುಹೋಗಲು ಅನೇಕ ವೇಳೆ ಕಾರಣವಾಗುವುದು ಕೈಯಲ್ಲ, ಕಣ್ಣು. ಅಲ್ಪ ಬೆಲೆಯ ಈ ಸಾಧನವನ್ನು ಅವರಿಗೆ ಒದಗಿಸುವುದು ಸೂಕ್ತ.

(ೠ) ಗುಂಡಿ ಡಬ್ಬಿ: ಉಪಯೋಗಕ್ಕೆ ಬಾರದ ಅಂಗಿಯನ್ನು ಕತ್ತರಿಸುವ ಮೊದಲು ಅದರ ಗುಂಡಿ, ಹುಕ್ಕು, ಜಿಪ್ಪು ಮತ್ತು ಲಾಡಿಗಳನ್ನು ಬಿಚ್ಚಿ ಸಂಗ್ರಹಿಸಿಡುವುದು. ಒಂದು ಅಂಗಿಯ ಗುಂಡಿಗಳನ್ನು ಒಂದೇ ದಾರದಲ್ಲಿ ಪೋಣಿಸಿಟ್ಟರೆ ಹುಡುಕುವ ಶ್ರಮ ತಪ್ಪುತ್ತದೆ.

3. ಮಳೆಗಾಲದಲ್ಲಿ ಸಾಮಗ್ರಿ ಮತ್ತು ಯಂತ್ರದ ರಕ್ಷಣೆ

ತೇವದಿಂದ ಸೂಜಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸೂಜಿ ಬಟ್ಟೆಯಲ್ಲಿ ಕಲೆ ಮಾಡುವುದಲ್ಲದೆ ಎಳೆಗಳನ್ನು ಹರಿಯುತ್ತದೆ. ಯಂತ್ರದ ಎಣ್ಣೆಯಲ್ಲಿ ಲಘುವಾಗಿ ಒರೆಸಿದ ಉಣ್ಣೆ ಬಟ್ಟೆಯ ತುಂಡಿನಲ್ಲಿ ಸೂಜಿಗಳನ್ನು ಚುಚ್ಚಿ ಡಬ್ಬಿಯಲ್ಲಿ ಮುಚ್ಚಿಡಬೇಕು.

ಹೊಲಿಗೆ ಯಂತ್ರವಿರುವವರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

- ಮಳೆಗಾಲ ಆರಂಭವಾಗುವ ಮೊದಲು ಬಾಬಿನ್ ಕೇಸನ್ನು ಹೊರತೆಗೆದು, ಅದರ ಸುತ್ತಲಿನ ಹಾಗೂ ಹಲ್ಲಿನ ಕೆಳಗಿನ ನೂಲಿನ ಧೂಳನ್ನು ಕುಂಚದಿಂದ ತೆಗೆಯುವುದು.
- ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕುವುದು. ಕೊಬ್ಬರಿ ಎಣ್ಣೆ ಅಥವಾ ಅಡುಗೆ ಎಣ್ಣೆ ಹಾಕಿದಲ್ಲಿ ಅದು ಕ್ರಮೇಣ ಅಂಟಾಗಿ ಯಂತ್ರ ಬಿಗಿಯಾಗುತ್ತದೆ.
- ಎಣ್ಣೆ ಹಾಕಿದ ಬಳಿಕ ಹಳೆಯ ಬಟ್ಟೆಯ ಮೇಲೆ ಸ್ವಲ್ಪ ಹೊಲಿದು ಹೆಚ್ಚಿನ ಎಣ್ಣೆ ಇಳಿದ ಮೇಲೆಯೇ ಒಳ್ಳೆಯ ಬಟ್ಟೆ ಇಡುವುದು.
- ಕಾಲಿನಿಂದ ತುಳಿಯುವ ಯಂತ್ರದ ಚರ್ಮದ ಬೆಲ್ಟು ತೇವಕ್ಕೆ ಸಡಿಲವಾಗುವುದುಂಟು. ತುಸು ಕತ್ತರಿಸಿ ಕೊಕ್ಕೆಯನ್ನು ಮತ್ತೆ ಸೇರಿಸಿದರೆ ಸರಿಹೋಗುತ್ತದೆ.
- ಸೂಜಿಯಲ್ಲಿ ಉದ್ದ ಗೀರು ಇರುವ ಬದಿಯಿಂದ ದಾರ ಪೋಣಿಸಬೇಕು. ಸೂಜಿ ತಿರುಗುಮುರುಗಾಗಿದ್ದರೆ ಹೊಲಿಗೆ ತಪ್ಪುತ್ತದೆ.
- ಕೆಳಗಿನ ದಾರ ಮೇಲೆ ಎದ್ದು ಕಂಡರೆ ಮೇಲಿನ ದಾರದ ಬಿಗಿ ಹೆಚ್ಚಾಗಿದೆಯೆಂದೂ, ಬಟ್ಟೆಯ ಕೆಳಗೆ ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲವಾಗಿದೆಯೆಂದೂ ತಿಳಿಯಬಹುದು.

4. ದುರಸ್ತಿಗೆ ಮೊದಲು

ಹರಿದ ಬಟ್ಟೆಯನ್ನು ಒಗೆಯುವ ಮೊದಲು ಹರಿದ ಭಾಗವನ್ನು ನಾಲ್ಕು ಕಚ್ಚಾ ಹೊಲಿಗೆಯಿಂದ ಹಿಡಿದಿಡುವುದು. ಹಾಗೆಯೇ ಒಗೆದರೆ ಹರಕು ದೊಡ್ಡದಾಗುತ್ತದೆ. ಬಟ್ಟೆ ಪೂರ್ಣ ಒಣಗಿದ ಮೇಲೆಯೇ ದುರಸ್ತಿ ಆರಂಭಿಸಬೇಕು. ತೇವವಿರುವಾಗ ಹೊಲಿದರೆ ಒಣಗಿದ ನಂತರ ಹೊಲಿಗೆ ಸುಕ್ಕುಗಟ್ಟುತ್ತದೆ.

ಬಟ್ಟೆ ಹತ್ತಿಯದೋ ಕೃತಕ ನೂಲಿನದೋ ಎಂದು ತಿಳಿಯಲು ಒಂದೆರಡು ಎಳೆಗಳನ್ನು ತೆಗೆದು ತಟ್ಟೆಯ ಮೇಲೆ ಸುಟ್ಟು ನೋಡಬಹುದು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆಯಲ್ಲಿ ಕೂದಲು ಸುಟ್ಟ ವಾಸನೆ ಬರುತ್ತದೆ. ತೇಪೆಗೂ ಕೌದಿಗೂ ಬಟ್ಟೆ ಆರಿಸುವಾಗ ಈ ಪರೀಕ್ಷೆ ಉಪಯುಕ್ತ.

ಅಡಿಕೆಯ ಚೊಗರಿನ ಕಲೆ ಬಟ್ಟೆಗೆ ಒಮ್ಮೆ ಹಿಡಿದರೆ ಪೂರ್ಣವಾಗಿ ಹೋಗುವುದು ದುರ್ಲಭ. ಅಡಿಕೆ ಸುಲಿಯುವ ಮತ್ತು ಬೇಯಿಸುವ ಕಾಲಕ್ಕೆ ತೇಪೆ ಹಾಕಿದ ಬಟ್ಟೆಗಳನ್ನೇ ಪ್ರತ್ಯೇಕವಾಗಿ ಮೀಸಲಿಡುವುದು ಒಳ್ಳೆಯದು. ಕಲೆಯಾದರೂ ಎಳೆ ಗಟ್ಟಿಯಿದ್ದರೆ ಅಂತಹ ಬಟ್ಟೆಯನ್ನು ಮುಂದೆ ಕೌದಿಯ ಒಳಪದರಕ್ಕೆ ಬಳಸಬಹುದಾಗಿದೆ.

5. ದುರಸ್ತಿಯ ವಿಧಾನಗಳು

5.1 ಗುಂಡಿ ಹೊಲಿಯುವುದು: ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಜೋಡಿ ದಾರದಿಂದ ಕಡ್ಡಿಯ ಮೇಲೆ ಹಾದುಹೋಗುವಂತೆ ನಾಲ್ಕೈದು ಬಾರಿ ಹೊಲಿಯಬೇಕು. ಅನಂತರ ಕಡ್ಡಿಯನ್ನು ಎಳೆದು ತೆಗೆದು, ಗುಂಡಿಗೂ ಬಟ್ಟೆಗೂ ನಡುವೆ ಉಳಿದ ದಾರದ ಸುತ್ತ ಮೂರು ನಾಲ್ಕು ಸುತ್ತು ಹಾಕಿ ಒಳಬದಿಯಲ್ಲಿ ಗಂಟು ಕಟ್ಟುವುದು. ಹೀಗೆ ಮಾಡಿದಲ್ಲಿ ಕಾಜದ ದಪ್ಪಕ್ಕೆ ಜಾಗ ದೊರೆತು ಗುಂಡಿ ಬೇಗ ಕಿತ್ತುಬರುವುದಿಲ್ಲ.

5.2 ಬಿಟ್ಟುಹೋದ ಹೊಲಿಗೆ: ಬಿಟ್ಟುಹೋದ ಜಾಗಕ್ಕಿಂತ ಒಂದು ಅಂಗುಲ ಹಿಂದೆ ಆರಂಭಿಸಿ ಒಂದು ಅಂಗುಲ ಮುಂದೆ ಮುಗಿಸಬೇಕು. ಕೈಯಲ್ಲಿ ಹೊಲಿಯುವುದಾದರೆ ಪ್ರತಿ ಹೊಲಿಗೆಗೂ ಸೂಜಿಯನ್ನು ಅರ್ಧ ಹಿಂದೆ ತಂದು ಮುಂದೆ ಒಯ್ಯುವ ಹಿಂಹೊಲಿಗೆ ಹಾಕುವುದು. ಇದು ಯಂತ್ರದ ಹೊಲಿಗೆಯಷ್ಟೇ ಗಟ್ಟಿ.

5.3 ಮುಳ್ಳು ಅಥವಾ ತಂತಿಗೆ ಸಿಕ್ಕಿ ಹರಿದದ್ದು: ಇಂತಹ ಹರಕು ಸಾಮಾನ್ಯವಾಗಿ ಮೂಲೆಯಾಕಾರದಲ್ಲಿರುತ್ತದೆ. ಹರಿದ ಅಂಚುಗಳನ್ನು ಕತ್ತರಿಸಬಾರದು. ಒಳಬದಿಯಲ್ಲಿ ತೆಳು ಬಟ್ಟೆಯ ತುಂಡನ್ನು ಇಟ್ಟು, ಅಂಚುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿ ಕಚ್ಚಾ ಹೊಲಿಗೆ ಹಾಕಿ, ಬಳಿಕ ಎರಡೂ ಬದಿಯನ್ನು ಹಿಡಿಯುವಂತೆ ಸಣ್ಣ ಹೊಲಿಗೆ ಹಾಕಬೇಕು. ಮೂಲೆಯಲ್ಲಿ ಹೊಲಿಗೆ ಒತ್ತಾಗಿರಲಿ; ಮತ್ತೆ ಹರಿಯುವುದು ಅಲ್ಲಿಂದಲೇ.

5.4 ರಫು: ಸಣ್ಣ ತೂತುಗಳಿಗೆ ಇದು ಸೂಕ್ತ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆಗಳನ್ನು ಬಿಡಿಸಿ ತೆಗೆದುಕೊಂಡರೆ ಬಣ್ಣ ಹೊಂದುತ್ತದೆ. ತೂತಿನ ಸುತ್ತ ಗಟ್ಟಿ ಬಟ್ಟೆಯಿಂದ ಆರಂಭಿಸಿ ಮೊದಲು ಉದ್ದಕ್ಕೆ ಎಳೆಗಳನ್ನು ಹಾಸಿ, ನಂತರ ಅಡ್ಡಲಾಗಿ ಒಂದು ಎಳೆಯ ಮೇಲೆ, ಒಂದರ ಕೆಳಗೆ ನೇಯ್ಗೆಯಂತೆ ಸೂಜಿ ಓಡಿಸಬೇಕು. ದಾರವನ್ನು ಬಿಗಿಯಾಗಿ ಎಳೆಯಬಾರದು.

5.5 ತೇಪೆ: ದೊಡ್ಡ ತೂತಿಗೆ ತೇಪೆಯೇ ಸರಿ. ತೇಪೆಯ ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿಕೊಳ್ಳಬೇಕು. ತೂತಿನ ಅಂಚಿಗಿಂತ ಎಲ್ಲ ಕಡೆ ಒಂದು ಅಂಗುಲ ಹೆಚ್ಚಾಗಿ, ಗಟ್ಟಿ ಬಟ್ಟೆಯ ಮೇಲೆ ಕೂರುವಷ್ಟು ಅಳತೆ ಇರಲಿ. ತೇಪೆಯ ಎಳೆಗಳು ಮೂಲ ಬಟ್ಟೆಯ ಎಳೆಗಳ ದಿಕ್ಕಿನಲ್ಲಿಯೇ ಇರುವಂತೆ ಇಟ್ಟು, ಮೂಲೆಗಳನ್ನು ದುಂಡಗೆ ಮಾಡಿ, ಅಂಚನ್ನು ಒಳಗೆ ಮಡಚಿ ಹೊಲಿಯುವುದು. ಸವೆದ ಬಟ್ಟೆಗೆ ಹೊಸ ಗಟ್ಟಿ ಬಟ್ಟೆಯ ತೇಪೆ ಹಾಕಿದರೆ ಅದು ಸುತ್ತಲಿನ ಎಳೆಗಳನ್ನು ಎಳೆದು ಇನ್ನಷ್ಟು ಹರಿಯುತ್ತದೆ. ಹಳೆಯದಕ್ಕೆ ಹಳೆಯದೇ ಜೊತೆ.

5.6 ಅಂಗಿಯ ಕಾಲರ್ ತಿರುವುವುದು: ಕಾಲರಿನ ಮಡಿಕೆ ಸವೆದಿದ್ದು ಅಂಗಿ ಗಟ್ಟಿಯಿದ್ದಲ್ಲಿ, ಕಾಲರನ್ನು ಬ್ಲೇಡಿನಿಂದ ಎಚ್ಚರಿಕೆಯಿಂದ ಬಿಚ್ಚಿ, ಮಗುಚಿ, ಅದೇ ಜಾಗದಲ್ಲಿ ಹೊಲಿಯಬಹುದು. ಬಿಚ್ಚುವ ಮೊದಲು ಮಧ್ಯಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳತಕ್ಕದ್ದು.

5.7 ನಡುವೆ ಸವೆದ ಹೊದಿಕೆ: ಹಾಸಿಗೆಯ ಹೊದಿಕೆಗಳು ನಡುವೆ ಸವೆದರೂ ಅಂಚುಗಳಲ್ಲಿ ಗಟ್ಟಿಯಾಗಿರುತ್ತವೆ. ಉದ್ದಕ್ಕೆ ನಡುವೆ ಕತ್ತರಿಸಿ, ಹೊರಗಿನ ಎರಡು ಅಂಚುಗಳನ್ನು ನಡುವಿಗೆ ತಂದು ಜೋಡಿಸಿ ಹೊಲಿದು, ಕತ್ತರಿಸಿದ ಬದಿಗಳನ್ನು ಮಡಚಿ ಹೊಲಿದರೆ ಹೊದಿಕೆ ಮತ್ತೆ ಬಳಕೆಗೆ ಬರುತ್ತದೆ.

5.8 ಜಿಪ್ಪು: ಜಿಪ್ಪು ಬಿಗಿಯಾಗಿದ್ದಲ್ಲಿ ಹಲ್ಲುಗಳಿಗೆ ಮೇಣದಬತ್ತಿ ಉಜ್ಜುವುದು. ಎಳೆದ ಮೇಲೂ ಹಲ್ಲು ಕೂಡದಿದ್ದರೆ ಓಡುವ ಗುಬ್ಬಿಯ ಎರಡೂ ಬದಿಯನ್ನು ಇಕ್ಕಳದಿಂದ ಹಗುರವಾಗಿ ಒತ್ತಿ ನೋಡಬಹುದು.

5.9 ಕೊಡೆ: ಈ ಭಾಗದಲ್ಲಿ ಕೊಡೆಯೂ ಉಡುಪಿನಷ್ಟೇ ಅಗತ್ಯ. ಕಡ್ಡಿಯ ತುದಿಯಿಂದ ಬಟ್ಟೆ ಬಿಟ್ಟುಕೊಂಡಲ್ಲಿ, ಕಡ್ಡಿಯ ತುದಿಯ ತೂತಿನ ಮೂಲಕ ನೈಲಾನ್ ದಾರವನ್ನು ಎರಡು ಮೂರು ಬಾರಿ ಹಾಯಿಸಿ ಬಟ್ಟೆಯ ಮಡಿಕೆಗೆ ಗಂಟು ಕಟ್ಟಬೇಕು. ಬೇಸಿಗೆಯಲ್ಲಿಯೇ ಎಲ್ಲ ಕಡ್ಡಿಗಳನ್ನು ಪರೀಕ್ಷಿಸಿಟ್ಟರೆ ಶಾಲೆ ತೆರೆಯುವ ದಿನ ತೊಂದರೆಯಾಗುವುದಿಲ್ಲ.

6. ಕೌದಿ: ಹಿನ್ನೆಲೆ

ದುರಸ್ತಿಗೂ ಒಗ್ಗದಷ್ಟು ಸವೆದ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಉದ್ದಗಲಕ್ಕೂ ಇದರ ಬಳಕೆಯಿದೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಜಪಾನಿನ ಬೊರೊ ಇವೆಲ್ಲವೂ ಹಳೆಯ ಬಟ್ಟೆಗೆ ಸಾದಾ ಓಡುಹೊಲಿಗೆ ಹಾಕಿ ಮರುಜೀವ ನೀಡುವ ಇದೇ ಬಗೆಯ ಕೆಲಸಗಳು. ಒಂದು ಕಾಲಕ್ಕೆ ಬಡತನದ ಗುರುತೆನಿಸಿದ್ದ ಕಾಂಥಾ ಮತ್ತು ಬೊರೊ ಇಂದು ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದಿವೆ.

ಉತ್ತರ ಕನ್ನಡದ ಮಟ್ಟಿಗೆ ಕೌದಿ ಕಲೆಯಲ್ಲಿ ವಿಶೇಷವಾಗಿ ಹೆಸರಿಸಬೇಕಾದವರು ಸಿದ್ದಿ ಸಮುದಾಯದ ಮಹಿಳೆಯರು. ಆಫ್ರಿಕಾ ಮೂಲದ ಈ ಸಮುದಾಯದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಮುಂತಾದ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿದ್ದಾರೆ. ಇವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇವರಲ್ಲಿ ಹಿಂದೂ, ಕ್ರೈಸ್ತ ಮತ್ತು ಮುಸ್ಲಿಂ ಧರ್ಮೀಯರಿದ್ದಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯವನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂಬ ಹೆಸರೂ ಉಂಟು. ಇದರ ವಿಶೇಷಗಳು ಈ ಕೆಳಕಂಡಂತಿವೆ.

- ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳದೆ, ಹೊಲಿಯುತ್ತಾ ಹೋದಂತೆ ಒಂದೊಂದಾಗಿ ಸೇರಿಸಲಾಗುತ್ತದೆ.
- ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತಾ ಒಳಗೆ ಸಾಗಿ ನಡುವಿನಲ್ಲಿ ಮುಗಿಸಲಾಗುತ್ತದೆ.
- ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಫುಲ ಎಂಬ ಅಲಂಕಾರ ಇಡುತ್ತಾರೆ. ಇದು ಹೂವೆಂಬ ಅರ್ಥದ ಪದ. ಇದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ.
- ದೊಡ್ಡ ತುಂಡುಗಳ ಮೇಲೆ ಚೆಲುವಿಗಾಗಿ ಹಚ್ಚುವ ಸಣ್ಣ ಬಣ್ಣದ ತುಂಡುಗಳಿಗೆ ಟಿಕೇಲಿ ಎನ್ನುತ್ತಾರೆ.
- ಕ್ರೈಸ್ತ ಮನೆಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಗಳ ಕೌದಿಯಲ್ಲಿ ಅರ್ಧಚಂದ್ರ ಕಾಣಸಿಗುವುದುಂಟು.
- ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಕೆಲವರು ನಾಲ್ಕು ಅಕ್ಕಿಕಾಳು ಇಡುವ ಪದ್ಧತಿಯಿದೆ. ಕೌದಿಯ ಹೊಟ್ಟೆ ಖಾಲಿಯಿರಬಾರದೆಂಬುದು ಇದರ ಆಶಯ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. ಮನೆಯ ಮಕ್ಕಳಿಗೆಂದು ಹೊಲಿದ ಹೊದಿಕೆಗಳು ಇದರಿಂದ ವಿದೇಶದ ಪ್ರದರ್ಶನ ಮತ್ತು ಸಂಗ್ರಹಗಳನ್ನು ತಲುಪುವಂತಾಯಿತು.

7. ಕೌದಿ ಹೊಲಿಯುವ ಕ್ರಮ

ಮೊದಲ ಬಾರಿಗೆ ಹೊಲಿಯುವವರು 3 ಅಡಿ ಉದ್ದ, 2 ಅಡಿ ಅಗಲದ ಮಗುವಿನ ಕೌದಿಯಿಂದ ಆರಂಭಿಸುವುದು ಸೂಕ್ತ. ದೊಡ್ಡವರ ಹೊದಿಕೆಗೆ ಸುಮಾರು 6 ಅಡಿ ಉದ್ದ, 4 ಅಡಿ ಅಗಲ ಇಟ್ಟುಕೊಳ್ಳಬಹುದು.

(1) ಹಳೆಯ ಬಟ್ಟೆಗಳನ್ನು ಒಗೆದು, ಬಿಸಿಲಿನಲ್ಲಿ ಪೂರ್ಣ ಒಣಗಿಸಿ, ಗುಂಡಿ, ಜಿಪ್ಪು ಮತ್ತು ದಪ್ಪ ಹೊಲಿಗೆಗಳನ್ನು ತೆಗೆಯುವುದು. ಬಣ್ಣ ಬಿಡುವ ಬಟ್ಟೆಯನ್ನು ಬೇರೆ ಇಡುವುದು.

(2) ಅಡಿಬಟ್ಟೆಗೆ ಹಳೆಯ ಹತ್ತಿ ಸೀರೆ ಅತ್ಯುತ್ತಮ. ಅಳತೆಗೆ ತಕ್ಕಂತೆ ಮಡಚಿ ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹಾಸಬೇಕು.

(3) ಮೇಲುಪದರಕ್ಕೆ ಗಟ್ಟಿ ಮತ್ತು ಬಣ್ಣದ ತುಂಡುಗಳನ್ನು, ಒಳಪದರಕ್ಕೆ ಕಲೆಯಾದ ಅಥವಾ ಮಾಸಿದ ತುಂಡುಗಳನ್ನು ವಿಂಗಡಿಸುವುದು.

(4) ಒಂದು ಮೂಲೆಯಲ್ಲಿ ಅಡಿಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ, ಮೊದಲ ತುಂಡಿನ ಅಂಚನ್ನೂ ಮಡಚಿ ಅದರ ಮೇಲಿಟ್ಟು ಎಲ್ಲ ಪದರ ಹಿಡಿಯುವಂತೆ ಓಡುಹೊಲಿಗೆ ಹಾಕುವುದು. ಮೂಲೆಯ ಅಲಂಕಾರ ಬೇಕಿದ್ದರೆ ಈ ಹಂತದಲ್ಲಿಯೇ ಸೇರಿಸಬೇಕು.

(5) ಅಂಚಿನ ಸಾಲು ಮುಗಿದು ಮತ್ತೆ ಮೊದಲ ಮೂಲೆಗೆ ಬಂದಾಗ, ಒಂದು ಬೆರಳಿನಗಲ ಒಳಗೆ ಎರಡನೆಯ ಸಾಲು ಆರಂಭಿಸುವುದು. ತುಂಡು ಮುಗಿದಲ್ಲಿ ಮುಂದಿನ ತುಂಡನ್ನು ಅರ್ಧ ಅಂಗುಲ ಮೇಲೇರಿಸಿ ಅಂಚು ಮಡಚಿ ಸೇರಿಸುತ್ತಾ ಹೋಗಬೇಕು.

(6) ಆಗಾಗ ಅಂಗೈಯಿಂದ ಹೊರಗಿನಿಂದ ನಡುವಿನ ಕಡೆಗೆ ಸವರಿ ಸುಕ್ಕು ಬಿಡಿಸುವುದು. ದಾರವನ್ನು ಜಗ್ಗಿ ಎಳೆದರೆ ಕೌದಿ ಬುಟ್ಟಿಯಂತೆ ಮುದುಡುತ್ತದೆ.

(7) ನಡುವಿನ ಕೊನೆಯ ತುಂಡನ್ನು ನಾಲ್ಕೂ ಬದಿ ಮಡಚಿ ಮುಚ್ಚಿ ಹೊಲಿಯುವುದು.

(8) ಕೆಲಸಕ್ಕೆ ಕೂರುವಾಗ ಮತ್ತು ಏಳುವಾಗ ಸೂಜಿಗಳನ್ನು ಎಣಿಸತಕ್ಕದ್ದು. ಮುಗಿದ ಕೌದಿಯ ಎರಡೂ ಮಗ್ಗುಲಿಗೆ ಅಯಸ್ಕಾಂತ ಆಡಿಸಿ ನೋಡಿದ ನಂತರವೇ ಬಳಕೆಗೆ ಕೊಡುವುದು. ಮಗು ಮಲಗುವ ಕೌದಿಯಲ್ಲಿ ಮುರಿದ ಸೂಜಿಯ ತುದಿ ಉಳಿಯುವುದು ಅಪಾಯಕರ.

ಎರಡು ಕೈಗಳ ಹೊಲಿಗೆ ಒಂದೇ ತೆರನಾಗಿರುವುದಿಲ್ಲ. ಸಾಲುಗಳು ತುಸು ಡೊಂಕಾಗಿರುವುದು ಕೈಕೆಲಸದ ಗುರುತೇ ಹೊರತು ದೋಷವಲ್ಲ. ಆದರೆ ಬಿಟ್ಟುಹೋದ ಪದರ, ಮಡಚದ ಅಂಚು ಮತ್ತು ಗಂಟಿಲ್ಲದ ದಾರ ಇವು ದೋಷಗಳು; ಇವುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ ಸರಿಪಡಿಸಬೇಕು.

ಗಮನಿಸಿ: ಮನೆಯಲ್ಲಿ ಹತ್ತಿ ಸೀರೆಗಳ ಬಳಕೆ ಕಡಿಮೆಯಾದಂತೆ ಹಳೆಯ ಹತ್ತಿ ಬಟ್ಟೆ ದೊರೆಯುವುದು ಕಷ್ಟವಾಗುತ್ತಿದೆ. ಕೃತಕ ನೂಲಿನ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ ಹಾಗೂ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಆದುದರಿಂದ ಮೈಗೆ ತಾಗುವ ಪದರ ಹತ್ತಿಯದಾಗಿರುವುದು ಮತ್ತು ಮಕ್ಕಳ ಕೌದಿ ಪೂರ್ಣ ಹತ್ತಿಯದಾಗಿರುವುದು ಅವಶ್ಯ.

8. ಒಗೆತ ಮತ್ತು ಸಂಗ್ರಹ

ಕೌದಿಯನ್ನು ಮಳೆ ಆರಂಭವಾಗುವ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಒಗೆದು ಒಣಗಿಸುವುದು. ನೆನೆದ ಕೌದಿ ಬಹಳ ಭಾರವಾಗಿರುವುದರಿಂದ ಹಗ್ಗದ ಮೇಲೆ ಒಂದೇ ಮಡಿಕೆಯಲ್ಲಿ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ಗಳಗಳ ಮೇಲೆ ಹರಡುವುದು ಉತ್ತಮ. ಮಳೆಗಾಲದಲ್ಲಿ ಬಚ್ಚಲು ಮನೆಯ ಒಲೆಯ ಮೇಲ್ಭಾಗದಲ್ಲಿ ಬಟ್ಟೆ ಒಣಗಿಸುವ ಮನೆಗಳಲ್ಲಿ, ಕೌದಿಯನ್ನು ಬೆಂಕಿಯಿಂದ ಸಾಕಷ್ಟು ದೂರದಲ್ಲಿ ಮಾತ್ರ ಹರಡಬೇಕು ಹಾಗೂ ರಾತ್ರಿ ಒಲೆ ಉರಿಯುತ್ತಿರುವಾಗ ಬಿಟ್ಟು ಮಲಗಬಾರದು. ತೇವ ಉಳಿದ ಕೌದಿಯನ್ನು ಎಂದಿಗೂ ಪೆಟ್ಟಿಗೆಯಲ್ಲಿ ಮಡಚಿಡಬಾರದು.

9. ಬೆಲೆ ನಿಗದಿಪಡಿಸುವ ಬಗೆ

ಕೌದಿಯನ್ನು ಮಾರಾಟ ಮಾಡುವ ಮಹಿಳೆಯರು ಸಾಮಾನ್ಯವಾಗಿ ದಾರದ ಖರ್ಚಿನ ಮೇಲೆ ಸ್ವಲ್ಪ ಸೇರಿಸಿ ಬೆಲೆ ಹೇಳುತ್ತಾರೆ. ಹಳೆಯ ಬಟ್ಟೆ ಮನೆಯದೇ, ಕೈ ತಮ್ಮದೇ ಎಂಬ ಭಾವನೆಯೇ ಇದಕ್ಕೆ ಕಾರಣ. ಲೆಕ್ಕದ ದೃಷ್ಟಿಯಿಂದ ಇದು ಸರಿಯಾದ ಕ್ರಮವಲ್ಲ. ಬಟ್ಟೆಗೆ ಬೆಲೆ ಇಲ್ಲದಿರಬಹುದು. ಹೊಲಿದ ಗಂಟೆಗಳಿಗೆ ಬೆಲೆ ಇದೆ.

ಇದಕ್ಕಾಗಿ ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನ ಎಷ್ಟು ಗಂಟೆ ಹೊಲಿಯಲಾಯಿತೆಂದು ಬರೆದಿಡಬೇಕು. ಒಟ್ಟು ಗಂಟೆಗಳನ್ನು 8ರಿಂದ ಭಾಗಿಸಿದರೆ ಕೆಲಸದ ದಿನಗಳು ದೊರೆಯುತ್ತವೆ. ಆ ದಿನಗಳಿಗೆ ತಮ್ಮ ಊರಿನಲ್ಲಿ ತೋಟದ ಕೆಲಸಕ್ಕೆ ನೀಡುವ ದಿನಗೂಲಿಯನ್ನು ಲೆಕ್ಕ ಹಾಕುವುದು.

ಉದಾಹರಣೆ (ತಿಳಿವಳಿಕೆಗಾಗಿ ಮಾತ್ರ):
ಹೊಲಿದ ಅವಧಿ 80 ಗಂಟೆ, ಅಂದರೆ 10 ದಿನ
ದಿನಗೂಲಿ 400 ರೂ. ಎಂದು ಹಿಡಿದರೆ: 4,000 ರೂ.
ದಾರ, ಸೂಜಿ ಇತ್ಯಾದಿ: 200 ರೂ.
ಸಾಬೂನು, ಸಾಗಾಟ: 100 ರೂ.
ಒಟ್ಟು ತಗಲುವ ವೆಚ್ಚ: 4,300 ರೂ.

ಈ ಮೊತ್ತಕ್ಕಿಂತ ಕಡಿಮೆಗೆ ಮಾರಿದಲ್ಲಿ ವ್ಯತ್ಯಾಸದ ಹಣವನ್ನು ಹೊಲಿದವರು ತಮ್ಮ ಕೈಯಿಂದ ಕೊಟ್ಟಂತೆಯೇ ಸರಿ. ಮಧ್ಯವರ್ತಿಗಳ ಮೂಲಕ ಮಾರುವಾಗ ಈ ಲೆಕ್ಕ ಕೈಯಲ್ಲಿದ್ದರೆ ಮಾತನಾಡಲು ಆಧಾರ ದೊರೆಯುತ್ತದೆ. ಹಲವರು ಸೇರಿ ಹೊಲಿದ ಕೌದಿಯಾದಲ್ಲಿ ಪ್ರತಿಯೊಬ್ಬರ ಗಂಟೆಗಳನ್ನು ಪ್ರತ್ಯೇಕವಾಗಿ ಬರೆದು ಹಣವನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳತಕ್ಕದ್ದು.

ಇದೇ ರೀತಿ ದುರಸ್ತಿ ಕೆಲಸವನ್ನು ನೆರೆಹೊರೆಯವರಿಗೆ ಮಾಡಿಕೊಡುವವರು ಗುಂಡಿ, ಅಂಚು ಮಡಿಕೆ, ಜಿಪ್ಪು, ಸೀರೆ ಫಾಲ್ ಇವುಗಳಿಗೆ ಪ್ರತ್ಯೇಕ ದರದ ಪಟ್ಟಿ ಬರೆದು ತೂಗುಹಾಕುವುದರಿಂದ ಸಂಕೋಚಕ್ಕೆ ಅವಕಾಶವಿರುವುದಿಲ್ಲ.

10. ತರಬೇತಿ ಮತ್ತು ನೆರವು

(ಅ) ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಸಾಂಪ್ರದಾಯಿಕ ವೃತ್ತಿಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ಕೌದಿ ಹೊಲಿಗೆಯನ್ನು ಪ್ರತ್ಯೇಕ ವೃತ್ತಿಯಾಗಿ ಹೆಸರಿಸಿಲ್ಲ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಯೋಜನೆಯಲ್ಲಿ 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ.ವರೆಗಿನ ನೆರವು ಹಾಗೂ ಮೊದಲ ಹಂತದಲ್ಲಿ 1 ಲಕ್ಷ ರೂ., ಎರಡನೆಯ ಹಂತದಲ್ಲಿ 2 ಲಕ್ಷ ರೂ.ವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲದ ಅವಕಾಶವಿದೆ. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದ ಮೂಲಕ ಸಲ್ಲಿಸಬೇಕಾಗಿದ್ದು, ಗ್ರಾಮ ಪಂಚಾಯಿತಿ ಹಂತದಲ್ಲಿ ಪರಿಶೀಲನೆ ನಡೆಯುತ್ತದೆ.

(ಆ) ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಸಂಸ್ಥೆಗಳಿವು. ಉತ್ತರ ಕನ್ನಡದಲ್ಲಿ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಸಂಸ್ಥೆ ಈ ಬಗೆಯದು. ಈ ಸಂಸ್ಥೆಗಳಲ್ಲಿ ಹೊಲಿಗೆ ತರಬೇತಿ ಸುಮಾರು ಒಂದು ತಿಂಗಳದಾಗಿದ್ದು, ಗ್ರಾಮೀಣ ಅಭ್ಯರ್ಥಿಗಳಿಗೆ ಉಚಿತವಾಗಿರುತ್ತದೆ.

(ಇ) ಸ್ವಸಹಾಯ ಗುಂಪುಗಳು: ಸ್ತ್ರೀಶಕ್ತಿ ಮತ್ತು ಸಂಜೀವಿನಿ ಗುಂಪುಗಳ ಸದಸ್ಯರು ಒಟ್ಟಾಗಿ ಬಟ್ಟೆ ಸಂಗ್ರಹಿಸಿ, ಹೊಲಿದು, ಮೇಳಗಳಲ್ಲಿ ಮಾರಾಟ ಮಾಡಬಹುದಾಗಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಲಿಗೆ ಯಂತ್ರದಲ್ಲಿ ಕೌದಿ ಹೊಲಿಯಬಹುದೇ?
ಉತ್ತರ: ತೆಳು ಕೌದಿಯನ್ನು ದಪ್ಪ ಸೂಜಿ ಹಾಕಿ ಹೊಲಿಯಬಹುದು. ಆದರೆ ಪದರಗಳು ಜಾರಿ ಸುಕ್ಕಾಗುವ ಸಂಭವ ಹೆಚ್ಚು. ಕೈಹೊಲಿಗೆಯ ಕೌದಿ ಮೆತ್ತಗಿರುತ್ತದೆ. ಯಂತ್ರದ್ದನ್ನು ಕೈಹೊಲಿಗೆಯೆಂದು ಹೇಳಿ ಮಾರುವುದು ಸರಿಯಲ್ಲ.

ಪ್ರಶ್ನೆ: ಬೂಷ್ಟು ಹಿಡಿದ ಬಟ್ಟೆಯನ್ನು ಕೌದಿಗೆ ಬಳಸಬಹುದೇ?
ಉತ್ತರ: ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ. ಎಳೆ ಹರಿದರೆ ಬಳಸಬಾರದು.

ಪ್ರಶ್ನೆ: ಹಳೆಯ ಕೌದಿ ಹರಿದಿದೆ, ಬಿಸಾಡಬೇಕೇ?
ಉತ್ತರ: ಅಗತ್ಯವಿಲ್ಲ. ಹರಿದ ತುಂಡಿನ ಮೇಲೆ ಮತ್ತೊಂದು ತುಂಡು ಹಚ್ಚಬಹುದು. ತೀರಾ ಸವೆದ ಕೌದಿಯನ್ನು ಹೊಸ ಕೌದಿಯ ಒಳಪದರವಾಗಿ ಇಡಬಹುದು.

ಪ್ರಶ್ನೆ: ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಕಲಿಸಬಹುದು?
ಉತ್ತರ: ಹತ್ತು ವರ್ಷದ ಮಕ್ಕಳು ಹಿರಿಯರ ಎದುರಿನಲ್ಲಿ ಗುಂಡಿ ಹೊಲಿಯುವುದನ್ನು ಕಲಿಯಬಹುದು. ಗಂಡುಮಕ್ಕಳಿಗೂ ಕಲಿಸತಕ್ಕದ್ದು, ವಸತಿನಿಲಯ ಸೇರಿದ ಮೇಲೆ ಅವರ ಅಂಗಿಯ ಗುಂಡಿಯನ್ನು ಅವರೇ ಹೊಲಿಯಬೇಕಾಗುತ್ತದೆ.

12. ಸಾರ್ವಜನಿಕರಲ್ಲಿ ಮನವಿ

ಕೌದಿ ಹೊಲಿಯುವ ಕ್ರಮವನ್ನು ಓದಿ ತಿಳಿಯುವುದಕ್ಕಿಂತ ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯುವುದು ಸುಲಭ. ತಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಕೌದಿ ಹೊಲಿಯಬಲ್ಲ ಹಿರಿಯರಿದ್ದಲ್ಲಿ, ಮುಂಬರುವ ಬೇಸಿಗೆಯಲ್ಲಿ ಒಂದು ಸಣ್ಣ ಕೌದಿಯನ್ನಾದರೂ ಅವರಿಂದ ಆರಂಭ ಮಾಡಿಸಿ, ಕಿರಿಯರಿಂದ ಪೂರ್ಣಗೊಳಿಸುವುದು. ಹಳೆಯ ಹತ್ತಿ ಸೀರೆಗಳನ್ನು ಬಿಸಾಡದೆ ಈ ಉದ್ದೇಶಕ್ಕೆ ತೆಗೆದಿಡುವುದು.

ತರಬೇತಿ ಮತ್ತು ಯೋಜನೆಗಳ ಕುರಿತ ಹೆಚ್ಚಿನ ಮಾಹಿತಿಗಾಗಿ ಆಯಾ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮೊದಲು ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.